ಭಾನುವಾರ ಹನ್ನೊಂದಕ್ಕೆ ಅಮ್ಮನ ಹಾಡು

"ನನ್ನ ಗಂಡ ಕೊಲೆ ಮಾಡಿಲ್ಲ. ಮಾಡೋ ಹಾಗಿದ್ರೆ ಹತ್ತು ವರ್ಷದ ಹಿಂದೇನೇ ಮಾಡಿರ್ತಿದ್ದ."

ಸೋಮವಾರ ಬೆಳಗ್ಗೆ ಬಾಗಿಲು ತಟ್ಟಿದ ಹೆಂಗಸು ಹೊಸ್ತಿಲು ದಾಟುವ ಮೊದಲೇ ಆಡಿದ ಮಾತು ಇದು. ಅತ್ತಿಗೆ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಸ್ಟೆನೋ ಅಭ್ಯಾಸಬಲದಿಂದ ಪೆನ್ಸಿಲು ಕೈಗೆತ್ತಿಕೊಂಡ.

ಅತ್ತಿಗೆ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ಸಾವಿರ ಸಾಲುಗಳ ನಡುವೆ ತಲೆಕೆಳಗಾಗಿ ಕೂತ ಒಂದೇ ಒಂದು ಅಕ್ಷರ ಅವರ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ನಿವೃತ್ತರಾದ ಮೇಲೂ ಆ ಕಣ್ಣು ಸುಮ್ಮನಿರಲಿಲ್ಲ. ಪೊಲೀಸರು ಕೈಚೆಲ್ಲಿದ ನಾಲ್ಕು ಪ್ರಕರಣಗಳನ್ನು ಬಿಡಿಸಿ, ಇನ್‌ಸ್ಪೆಕ್ಟರ್ ಬಾಯಲ್ಲಿ "ಮೇಡಂ" ಅನ್ನಿಸಿಕೊಂಡಿದ್ದರು. ಸ್ಟೆನೋ ಅವರ ಗಂಡನ ತಮ್ಮ. ಕೋರ್ಟಿನಲ್ಲಿ ಜೀವಮಾನವೆಲ್ಲ ಬೇರೆಯವರ ಮಾತನ್ನೇ ಬರೆದುಕೊಂಡವನು; ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮನೆಯ ಮಹಡಿಯಲ್ಲಿ ಒಂಟಿಯಾಗಿದ್ದ. ಅವನಿಗಿದ್ದ ಖಯಾಲಿ ಒಂದೇ, ಬ್ಲೂಸ್ ಎಂಬ ವಿಷಾದದ ಹಾಡಿನ ಹಳೆಯ ರೆಕಾರ್ಡುಗಳು. ಅದೂ ಅಗ್ಗಕ್ಕೆ ಸಿಗಬೇಕು. ಪೂರ್ತಿ ಬೆಲೆ ಕೊಟ್ಟು ಕೊಂಡ ರೆಕಾರ್ಡು ಎಷ್ಟೇ ಚೆನ್ನಾಗಿದ್ದರೂ ಅವನ ಕಿವಿಗೆ ಒಗರಾಗಿ ಕೇಳಿಸುತ್ತಿತ್ತು.

ಹಾಗಾಗಿ ಸತ್ತವನು ಅವನಿಗೆ ಚೆನ್ನಾಗಿ ಗೊತ್ತಿದ್ದ. ಎಲ್ಲರೂ ಅವನನ್ನು ಚೌಕಾಸಿ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವನ ಅಂಗಡಿ. ಗೋಡೆಯುದ್ದಕ್ಕೂ ರೆಕಾರ್ಡು, ಗಿಟಾರು, ಆಂಪ್ಲಿಫೈಯರು, ಮೈಕು, ಎಲ್ಲವೂ ಬೇರೆಯವರು ಬಳಸಿ ಬಿಟ್ಟದ್ದು. ಸಾವಾದ ಮನೆಯ ಸುದ್ದಿ ಅವನಿಗೆ ನೆಂಟರಿಗಿಂತ ಮೊದಲು ಮುಟ್ಟುತ್ತಿತ್ತು. ಅತ್ತು ಸುಸ್ತಾದವರ ಮುಂದೆ ನಿಂತು, "ಈ ಕಸ ಯಾರಿಗೆ ಬೇಕಮ್ಮ, ಸಾಗಿಸೋ ಕೂಲೀನೂ ಹುಟ್ಟಲ್ಲ" ಎನ್ನುತ್ತಲೇ ಪೆಟ್ಟಿಗೆಗಳನ್ನು ಕೆಳಗಿಳಿಸುತ್ತಿದ್ದ.

ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ, ಅಂಗಡಿ ತೆರೆಯುವ ಮೊದಲು, ಹಿಂದಿನ ಕೋಣೆಯಲ್ಲಿ ಗಿಟಾರ್ ಹಿಡಿದು ಮೈಕಿನ ಮುಂದೆ ಹಾಡುವುದು ಅವನ ಪದ್ಧತಿ. ನಿನ್ನೆಯೂ ಹಾಡಿದ್ದ. ಹತ್ತೂವರೆಗೆ ಅವನ ತಮ್ಮ ಬಂದಾಗ ಎಡಗೈ ತಂತಿಗಳ ಮೇಲೆ ಬಿಗಿದುಕೊಂಡಿತ್ತು, ತುಟಿ ಮೈಕಿಗೆ ತಾಗಿದ ಕಡೆ ಸುಟ್ಟಿತ್ತು. ಆಂಪ್ಲಿಫೈಯರ್ ಒಳಗೆ ಯಾರೋ ತಂತಿ ಬದಲಿಸಿ, ಗಿಟಾರಿನ ತಂತಿಗೇ ಕರೆಂಟು ಹರಿಯುವ ಹಾಗೆ ಮಾಡಿದ್ದರು.

ಅಂಗಡಿಗೆ ಇದ್ದದ್ದು ಮೂರು ಬೀಗದಕೈ. ಒಂದು ಚೌಕಾಸಿಯ ಜೇಬಿನಲ್ಲಿತ್ತು. ಇನ್ನೊಂದು ತಮ್ಮನದು, ಆದರೆ ಅವನು ಶನಿವಾರ ಸಂಜೆಯಿಂದ ಭಾನುವಾರ ಹತ್ತರವರೆಗೆ ಪಕ್ಕದೂರಿನ ಹೆಂಡತಿ ಮನೆಯಲ್ಲಿದ್ದದ್ದಕ್ಕೆ ಹತ್ತು ಜನ ಸಾಕ್ಷಿ. ಮೂರನೆಯದು, ಅಲ್ಲೇ ಮೂಲೆಯಲ್ಲಿ ಕೂತು ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವನದು. ಶುಕ್ರವಾರ ಅವನು ಗಿರಾಕಿಗಳ ಎದುರಿಗೇ, "ಒಂದಿನ ಇದೇ ಆಂಪ್ ಮುಟ್ಟಿ ಸಾಯ್ತೀಯ ನೀನು" ಎಂದು ಕಿರುಚಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

"ಅವನಿಗೆ ಸಿಟ್ಟು ಬರುತ್ತೆ ಮೇಡಂ, ಬಾಯಿ ಮಾಡ್ತಾನೆ, ಮನೆಗೆ ಬಂದು ಮಲಗ್ತಾನೆ. ಅಷ್ಟೇ ಅವನು" ಎಂದು ರಿಪೇರಿಯವನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು.

ಅತ್ತಿಗೆ ಮೈದುನನ ಕಡೆ ತಿರುಗಿದರು. "ನೀನು ಶನಿವಾರ ಅಲ್ಲಿಗೆ ಹೋಗಿದ್ಯಲ್ಲಪ್ಪ?"

"ಹೋಗಿದ್ದೆ ಅತ್ತಿಗೆ. ಅದೇ ಆಂಪ್ ಅಗ್ಗಕ್ಕೆ ಸಿಗುತ್ತಾ ನೋಡೋಕೆ. ಸಂಜೆ ಐದೂವರೆಗೆ ನಾನೇ ಗಿಟಾರ್ ಹಚ್ಚಿ ನೋಡಿದೆ, ಮೈಕೂ ಮುಟ್ಟಿದೆ. ಏನೂ ಆಗ್ಲಿಲ್ಲ." ಹೇಳಿ ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡ.

"ಅಂದ್ರೆ ಕೆಲಸ ನಡೆದದ್ದು ಆಮೇಲೆ. ಏಳು, ನೋಡ್ಕೊಂಡು ಬರೋಣ."

ಇನ್‌ಸ್ಪೆಕ್ಟರ್ ಚೌಕಾಸಿಯ ಅಂಗಡಿಯ ಬಾಗಿಲಲ್ಲೇ ಸಿಕ್ಕರು, ಸತ್ತವನ ತಮ್ಮನೂ ಅಲ್ಲಿದ್ದ. ಹಿಂದಿನ ಕೋಣೆಯಲ್ಲಿ ಏನನ್ನೂ ಕದಲಿಸಿರಲಿಲ್ಲ. ಒಂದು ಗೋಡೆಗೆ ಸಾಮಾನು ಸಾಗಿಸುವ ಲಿಫ್ಟಿನ ಕಬ್ಬಿಣದ ಬಾಗಿಲು. ಎರಡು ವರ್ಷದಿಂದ ಈ ಮಹಡಿಯಲ್ಲಿ ಅದನ್ನು ತೆರೆದವರಿಲ್ಲ ಎಂದು ತಮ್ಮ ಹೇಳಿದ. ಅದಕ್ಕೆ ಅಡ್ಡಲಾಗಿ ರೆಕಾರ್ಡಿನ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ. ಅತ್ತಿಗೆ ಅವುಗಳ ಮುಂದೆ ನಿಂತು ತುಟಿ ಅಲುಗಿಸಿದರು. "ಮೂರು, ನಾಲ್ಕು, ಆರು, ಐದು, ಏಳು. ನಿಮ್ಮಣ್ಣ ಅಂಕಿ ತಪ್ಪಿಸೋ ಮನುಷ್ಯನಾ?"

"ಅವನಾ?" ತಮ್ಮ ನಕ್ಕ. "ಒಂದು ರೆಕಾರ್ಡು ಜಾಗ ತಪ್ಪಿದ್ರೆ ಊಟ ಬಿಡ್ತಿದ್ದ."

ಅತ್ತಿಗೆ ಪೊಲೀಸರು ಬಿಚ್ಚಿಟ್ಟಿದ್ದ ಆಂಪ್ಲಿಫೈಯರ್ ಮೇಲೆ ಬಾಗಿದರು. "ಇದೇನಪ್ಪ, ಈ ಸ್ಕ್ರೂ ಕೆಳಗೆ ಸೀಳಿದ ಉಂಗುರದ ಥರ ಕೂತಿದೆ?"

"ಸ್ಪ್ರಿಂಗ್ ವಾಷರ್" ಎಂದ ಸ್ಟೆನೋ. "ಸ್ಕ್ರೂ ಸಡಿಲ ಆಗದೆ ಇರ್ಲಿ ಅಂತ ಹಾಕೋದು."

"ಬೇರೆ ಎಲ್ಲೂ ಹಾಕಿಲ್ಲವಲ್ಲ. ಉಳಿದ ತಂತಿಗೆಲ್ಲ ಬೆಸುಗೆ ಇದೆ. ಇದೊಂದಕ್ಕೆ ಮಾತ್ರ ಸ್ಕ್ರೂ, ವಾಷರ್."

ಕೋಣೆಯ ಮಧ್ಯದಲ್ಲಿದ್ದ ರೆಕಾರ್ಡ್ ಪ್ಲೇಯರಿಗೆ ಎರಡು ತೋಳುಗಳಿದ್ದವು. ಒಂದು ಹಗುರ, ಒಳ್ಳೆಯ ರೆಕಾರ್ಡುಗಳಿಗೆ. ಇನ್ನೊಂದು ಓಬೀರಾಯನ ಕಾಲದ್ದು, ಉಕ್ಕಿನ ದಪ್ಪ ಸೂಜಿಯದು, ಸುತ್ತಿಗೆಯಷ್ಟು ಭಾರ. ಆ ದಪ್ಪ ಸೂಜಿಯ ತುದಿಗೆ ಕರಿ ನೂಲಿನಂಥ ಚೂರು ಅಂಟಿಕೊಂಡಿತ್ತು. ಪಕ್ಕದಲ್ಲಿ ರಟ್ಟಿನ ಕವರೊಂದು ಖಾಲಿ ಬಿದ್ದಿತ್ತು. ಮೇಲೆ ಹೆಸರಿಲ್ಲ, ಕಂಪನಿಯ ಮುದ್ರೆಯಿಲ್ಲ.

"ಏನೇನು ಕಳುವಾಗಿದೆ?" ಅತ್ತಿಗೆ ಕೇಳಿದರು.

"ಏನೂ ಇಲ್ಲ ಮೇಡಂ" ಎಂದರು ಇನ್‌ಸ್ಪೆಕ್ಟರ್. "ಒಂದು ಮನೆ ಬರೋಷ್ಟು ಬೆಲೆಯ ರೆಕಾರ್ಡು ಅಲ್ಲೇ ಇದೆ."

ಸ್ಟೆನೋಗೆ ಆ ಖಾಲಿ ಕವರು ಯಾವುದರದು ಎಂದು ಗೊತ್ತಿತ್ತು. ಮೆಟ್ಟಿಲಿಳಿಯುವಾಗ ಹೇಳಿದ. ಕೆಳಮಹಡಿಯ ದರ್ಜಿ ಹೆಂಗಸಿನ ತಾಯಿ ಒಂದು ಕಾಲದಲ್ಲಿ ಬ್ಯಾಂಡಿನ ಜೊತೆ ಬ್ಲೂಸ್ ಹಾಡುತ್ತಿದ್ದಳು. ಒಂದೇ ಒಂದು ಸಲ, ಸಣ್ಣ ಸ್ಟುಡಿಯೋದಲ್ಲಿ, ನೇರವಾಗಿ ಮೆರುಗೆಣ್ಣೆ ಬಳಿದ ಮೆದು ತಟ್ಟೆಯ ಮೇಲೆ ಹಾಡು ಕೊರೆಸಿದ್ದಳು. ಜಗತ್ತಿನಲ್ಲಿ ಅದಕ್ಕೆ ಎರಡನೇ ಪ್ರತಿಯಿಲ್ಲ. ತಾಯಿ ಸತ್ತ ವಾರದಲ್ಲಿ ಚೌಕಾಸಿ ಹೋಗಿ ಅವಳ ಸಾಮಾನಿನ ಪೆಟ್ಟಿಗೆಯನ್ನು ಪುಡಿಗಾಸಿಗೆ ಎತ್ತಿಕೊಂಡು ಬಂದಿದ್ದ. ಒಳಗೇನಿದೆ ಎಂದು ಮಗಳಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ವಾಪಸು ಕೇಳಲು ಬಂದಳು, ಗಿರಾಕಿಗಳ ಮುಂದೆ ಅತ್ತಳು, ಮೋಸ ಮಾಡಿದಿರಿ ಎಂದಳು. ಚೌಕಾಸಿ ರೆಕಾರ್ಡು ಕೊಡಲಿಲ್ಲ. "ಪ್ರತಿ ಭಾನುವಾರ ಹನ್ನೊಂದಕ್ಕೆ ಬನ್ನಿ, ಒಂದೊಂದು ಸಲ ಕೇಳಿಸ್ತೀನಿ" ಎಂದ. ಅವಳು ಒಂದು ವಾರವೂ ತಪ್ಪಿಸಲಿಲ್ಲ.

"ಇಷ್ಟೇನಾ?" ಅತ್ತಿಗೆ ನಿಂತರು.

ಸ್ಟೆನೋ ಕಂಬಿಯನ್ನು ಹಿಡಿದುಕೊಂಡ. "ಅವನು ಅದಕ್ಕೆ ಬೇಕಂತಲೇ ದಪ್ಪ ಸೂಜಿ ಹಾಕ್ತಿದ್ದ ಅತ್ತಿಗೆ. ಆ ಮೆದು ತಟ್ಟೆ ಮೇಲೆ ಅದು ಹರಿದ್ರೆ ಪ್ರತಿ ಸಲ ಒಂದು ಪದರ ಕಿತ್ತು ಬರುತ್ತೆ. 'ವಾರವಾರ ಅಮ್ಮ ಸ್ವಲ್ಪಸ್ವಲ್ಪ ಕಮ್ಮಿ ಆಗ್ತಾಳೆ, ಇವಳಿಗೆ ಗೊತ್ತೇ ಆಗ್ತಿಲ್ಲ' ಅಂತ ನಮ್ಮ ಹತ್ರ ಹೇಳ್ಕೊಂಡು ನಗ್ತಿದ್ದ."

"ನೀನು?"

"ನಾನು..." ಅಂದು ಅವನ ಕಣ್ಣು ಮೂಲೆಯಲ್ಲಿದ್ದ ಇನ್ನೊಂದು ರೆಕಾರ್ಡಿನ ಮೇಲಿತ್ತು, ಅರ್ಧ ಬೆಲೆಗೆ ಗಿಟ್ಟಿಸುವ ಆಸೆಯಿತ್ತು. ಅತ್ತಿಗೆ ಮುಂದಿನ ಮೆಟ್ಟಿಲಿಳಿದರು.

ದರ್ಜಿಯ ಅಂಗಡಿ ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಕತ್ತರಿಸಿದ ಬಟ್ಟೆಯ ರಾಶಿಯಷ್ಟೇ. ಬಾಗಿಲಲ್ಲಿ ಅವಳ ಗಂಡ ನಿಂತಿದ್ದ, ಮೃದು ಮಾತಿನ ಮನುಷ್ಯ. ಆ ಬೀದಿಯ ಏಳೆಂಟು ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವವನು. "ಸ್ವಲ್ಪ ಜೋರಾಗಿ ಮಾತಾಡಿ ಅಮ್ಮ. ಅವಳಿಗೆ ಕಿವಿ ಮಂದ ಆಗ್ತಿದೆ" ಎಂದು ಹೇಳಿ, ಹೆಂಡತಿಯ ಪಕ್ಕ ನೀರಿನ ಲೋಟ ಇಟ್ಟು, ಕೆಲಸಕ್ಕೆ ಹೋದ.

ಅವಳು ಯಂತ್ರ ತುಳಿಯುತ್ತಲೇ ಮಾತಾಡಿದಳು. "ಮೂರು ತಿಂಗಳಿಂದ ಹೀಗೆ. ಮೊದಲು ಅಮ್ಮ ಎಲ್ಲಿ ಉಸಿರು ತಗೋತಾಳೆ ಅನ್ನೋದೂ ಕೇಳಿಸ್ತಿತ್ತು. ಆಮೇಲೆ ಬರೀ ಚರಚರ ಶಬ್ದ, ಅದರ ಹಿಂದೆ ಯಾರೋ ಇದ್ದ ಹಾಗೆ. ಇವರೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ರು. ನರ ಸೋತಿದೆಯಂತೆ, ಔಷಧಿ ಇಲ್ವಂತೆ." ಹಠಾತ್ತನೆ ಕಾಲು ನಿಲ್ಲಿಸಿದಳು. "ಯಾರೋ ಇಳೀತಿದಾರೆ. ಬರಿಗಾಲಲ್ಲಿ."

ಸ್ಟೆನೋಗೆ ಏನೂ ಕೇಳಿಸಲಿಲ್ಲ. ಅರ್ಧ ನಿಮಿಷದ ಮೇಲೆ ಚೌಕಾಸಿಯ ತಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಮುಂದೆ ಹಾದುಹೋದ, ಬಾರು ಕಿತ್ತುಹೋಗಿತ್ತು.

ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. "ಅಮ್ಮಾ, ಆ ರೆಕಾರ್ಡು ಜೋಪಾನವಾಗಿದೆ ತಾನೆ? ಪೊಲೀಸರು ಅದನ್ನ ಎಲ್ಲೆಂದರಲ್ಲಿ ಎಸೆಯಲ್ಲ ಅಲ್ವಾ? ಬರೋ ಭಾನುವಾರ ಕೇಳೋಕಾಗುತ್ತಾ?"

ಬೀದಿಗೆ ಬಂದ ಮೇಲೆ ಅತ್ತಿಗೆ ಹೇಳಿದರು. "ಕಿವಿ ಪರೀಕ್ಷೆ ಮಾಡಿದ ಆಸ್ಪತ್ರೆಯಿಂದ ವರದಿಯ ನಕಲು ತರಿಸೋಕೆ ಇನ್‌ಸ್ಪೆಕ್ಟರಿಗೆ ಹೇಳ್ತೀನಿ. ಆಮೇಲೆ ಆ ತಮ್ಮನ ಹತ್ರ ಒಂದು ವಿಷಯ ಕೇಳ್ಬೇಕು."

ಬುಧವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಅದೇ ಹಿಂದಿನ ಕೋಣೆಯಲ್ಲಿ ಸೇರಿದರು. ಕೈಗೆ ಬೇಡಿಯಿದ್ದ ರಿಪೇರಿಯವನು, ಅವನ ಹೆಂಡತಿ, ಚೌಕಾಸಿಯ ತಮ್ಮ, ದರ್ಜಿ, ಅವಳ ಗಂಡ, ಬಾಗಿಲಲ್ಲಿ ಇನ್‌ಸ್ಪೆಕ್ಟರ್. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರೊಂದು ಬಟ್ಟೆ ಹೊದ್ದು ಕೂತಿತ್ತು. ಸ್ಟೆನೋ ಪುಸ್ತಕ ಬಿಡಿಸಿಕೊಂಡ.

"ಬೀಗದಕೈ ಇದ್ದವನು ಬಾಗಿಲಲ್ಲೇ ಬರ್ತಾನೆ" ಎಂದು ಅತ್ತಿಗೆ ಶುರುಮಾಡಿದರು. "ಲಿಫ್ಟ್ ಬಾಗಿಲ ಮುಂದಿರೋ ಪೆಟ್ಟಿಗೆ ಸರಿಸೋ ಅಗತ್ಯ ಅವನಿಗಿಲ್ಲ. ಯಾರೋ ಐದನ್ನೂ ಆರನ್ನೂ ಆಚೆ ತಳ್ಳಿ ಒಳಗೆ ಬಂದರು, ಹೋಗುವಾಗ ಹಿಂದಿನಿಂದ ಎಳೆದು ಅದಲುಬದಲು ಇಟ್ಟರು. ಅವರು ಬಂದದ್ದು ಲಿಫ್ಟು ಓಡುವ ಬಾವಿಯಿಂದ."

"ಅದು ತೆರೆಯೋದೇ ಇಲ್ವಲ್ಲ ಮೇಡಂ!" ಎಂದ ತಮ್ಮ.

"ಹೊರಗಿನವರಿಗೆ ತೆರೆಯಲ್ಲ. ಅದರದೇ ಬೀಗದಕೈ ಇಟ್ಟುಕೊಂಡವರಿಗೆ ತೆರೆಯುತ್ತೆ." ಅವರು ಯಾರ ಕಡೆಗೂ ನೋಡಲಿಲ್ಲ. "ಎರಡನೇದು, ಕೈಯ ಅಭ್ಯಾಸ. ಅಕ್ಷರ ಜೋಡಿಸೋರ ಕೈ ಗುರುತು ಹಿಡಿಯೋದು ನನ್ನ ಕಸುಬಾಗಿತ್ತು. ಈ ರಿಪೇರಿಯವರು ಹತ್ತು ವರ್ಷದಲ್ಲಿ ಬೆಸುಗೆ ಬಿಟ್ಟು ಒಂದು ತಂತೀನೂ ಕೂರಿಸಿಲ್ಲ. ಕೊಲೆಗಾರ ಸ್ಕ್ರೂ ಹಾಕಿದ, ಅದರಡಿ ಸ್ಪ್ರಿಂಗ್ ವಾಷರ್ ಇಟ್ಟ. ಒಂದೇ ಸಲ ಕೆಲಸ ಮಾಡಬೇಕಾದ ತಂತಿಗೆ ಯಾಕೆ ಬೇಕು ಅದು? ಬೇಡ. ಆದ್ರೆ ದಿನವಿಡೀ ಅದುರೋ ಯಂತ್ರದ ಜೊತೆ ಬಾಳೋನ ಕೈ ಕೇಳಬೇಕಲ್ಲ! ಲಿಫ್ಟಿನಲ್ಲಿ ಪ್ರತಿ ಸ್ಕ್ರೂಗೂ ಅದು ಇರಲೇಬೇಕು."

ದರ್ಜಿಯ ಗಂಡ ನೆಲ ನೋಡುತ್ತ ಕೂತಿದ್ದ. ಅವಳು ಅವನ ಮುಖ, ಅತ್ತಿಗೆಯ ಮುಖ ಬದಲಿಸಿ ಬದಲಿಸಿ ನೋಡಿದಳು.

"ಏನು ಮಾತಾಡ್ತಿದೀರ? ಇವರಿಗೂ ಅವನಿಗೂ ಏನು ಸಂಬಂಧ?"

"ಕಳುವಾಗಿದ್ದು ಒಂದೇ ವಸ್ತು ಮಗಳೇ. ನಿಮ್ಮ ತಾಯಿ ಹಾಡಿದ ರೆಕಾರ್ಡು. ಮಾರಿದ್ರೆ ಯಾರೂ ಮೂಸಿ ನೋಡದಷ್ಟು ಸವೆದಿತ್ತು ಅದು. ಅದು ಹೋಗಿರೋದು ನಿಮಗೆ ಗೊತ್ತಿರ್ಲಿಲ್ಲ, ಆದ್ದರಿಂದ ತಗೊಂಡವರು ನೀವಲ್ಲ."

"ಸವೆದಿತ್ತಾ? ಇಲ್ಲಮ್ಮ, ನನ್ನ ಕಿವಿ..."

ಅತ್ತಿಗೆ ಆಸ್ಪತ್ರೆಯ ಕಾಗದವನ್ನು ಅವಳ ಮಡಿಲಲ್ಲಿಟ್ಟರು. "ನಿಮ್ಮ ಕಿವಿಗೆ ಏನೂ ಆಗಿಲ್ಲ. ಮೂರು ತಿಂಗಳ ಹಿಂದೆಯೇ ಡಾಕ್ಟರು ಹಾಗಂತ ಬರೆದುಕೊಟ್ಟಿದಾರೆ. ಆ ಕಾಗದ ಓದಿದವರು ನಿಮ್ಮ ಮನೆಯವರು. ಕಿವಿ ಸರಿ ಇದ್ದು ಹಾಡು ಕೇಳಿಸ್ತಿಲ್ಲ ಅಂದ್ರೆ ಕೆಟ್ಟಿರೋದು ಹಾಡು. ಯಂತ್ರ ಬಲ್ಲವರಿಗೆ ಸೂಜಿ ನೋಡಿದ ಕೂಡಲೇ ತಿಳಿಯುತ್ತೆ, ಅಲ್ವೇನಪ್ಪ?"

ಲಿಫ್ಟಿನವನು ತಲೆಯೆತ್ತಲಿಲ್ಲ. "ನಂಗೇನೂ ಗೊತ್ತಿಲ್ಲ. ವಾಷರು ಯಾರ ಹತ್ರ ಬೇಕಾದ್ರೂ ಇರುತ್ತೆ."

"ಇರುತ್ತೆ" ಎಂದು ಅತ್ತಿಗೆ ಒಪ್ಪಿಕೊಂಡು, ಮೇಜಿನ ಬಳಿ ಹೋಗಿ ಬಟ್ಟೆ ಸರಿಸಿ ಗುಂಡಿ ಒತ್ತಿದರು.

ಮೊದಲು ಒಂದು ಪಿಯಾನೋ ಬಂತು. ಆಮೇಲೆ ಹೆಣ್ಣು ದನಿ, ಒರಟಾದ, ಆತುರವಿಲ್ಲದ ದನಿ, ಎದುರಿಗೇ ಕೂತು ಹಾಡಿದಷ್ಟು ಸ್ಪಷ್ಟ. ಸಾಲುಸಾಲಿನ ನಡುವೆ ಅವಳು ಉಸಿರೆಳೆದದ್ದೂ ಕೇಳಿಸಿತು. ಸ್ಟೆನೋ ಆಯುಷ್ಯವಿಡೀ ಹುಡುಕಿದ ಹಾಡುಗಳಲ್ಲಿ ಇಂಥದ್ದೊಂದು ಅವನಿಗೆ ಸಿಕ್ಕಿರಲಿಲ್ಲ. ದರ್ಜಿ ಎದ್ದು ನಿಂತಿದ್ದಳು.

ಹಾಡು ಮುಗಿಯಿತು. ಟೇಪು ಓಡುತ್ತಲೇ ಇತ್ತು. ಚೌಕಾಸಿಯ ದನಿ ಬಂತು: "ಹಾಂ, ಚೆನ್ನಾಗಿ ಬಂತು. ನಕಲು ನಮ್ಮ ಹತ್ರ ಭದ್ರ. ಇನ್ನು ದಪ್ಪ ಸೂಜಿ ಹಾಕು ತಮ್ಮಾ. ಮೋಸ ಅಂದಳಲ್ಲ, ಅವಳ ಎದುರಿಗೇ ಅವಳಮ್ಮನ್ನ ಅಳಿಸೋಣ."

"ನಕಲಿತ್ತಾ?" ಲಿಫ್ಟಿನವನು ಎದ್ದ. "ಈ ಟೇಪು ಇಲ್ಲೇ ಇತ್ತಾ?"

"ಮೇಜಿನ ಎರಡನೇ ಖಾನೆಯಲ್ಲಿ" ಎಂದರು ಅತ್ತಿಗೆ. "ಒಂದೇ ಪ್ರತಿ ಇರೋ ಸರಕನ್ನ ನಕಲು ತೆಗೀದೆ ಹಾಳುಮಾಡೋ ವ್ಯಾಪಾರಿ ಅಲ್ಲ ಅವನು. ತಮ್ಮನ್ನ ಕೇಳಿದೆ, ತೆಗೆದುಕೊಟ್ಟರು."

"ನಾನು ಅವನ ಕಾಲು ಹಿಡಿದೆ. ಸೂಜಿ ಬದಲಾಯಿಸಿ ಸ್ವಾಮಿ, ಅಷ್ಟೇ ಸಾಕು ಅಂದೆ. ನಕ್ಕ. 'ಇನ್ನು ನಾಲ್ಕು ಭಾನುವಾರ, ಆಮೇಲೆ ನೀವೇ ಬಂದು ತಗೊಂಡು ಹೋಗಿ, ಪುಕ್ಕಟೆ' ಅಂದ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಶನಿವಾರ ಆರಕ್ಕೆ ಅವನು ಬೀಗ ಹಾಕಿ ಹೋಗೋದನ್ನೇ ಕಾದಿದ್ದೆ. ರೆಕಾರ್ಡು ನನ್ನ ಉಪಕರಣದ ಪೆಟ್ಟಿಗೆಯ ತಳದಲ್ಲಿದೆ, ತಗೊಳ್ಳಿ."

ಇನ್‌ಸ್ಪೆಕ್ಟರ್ ಮುಂದೆ ಬಂದರು. ದರ್ಜಿ ಅಡ್ಡ ಬರಲಿಲ್ಲ. ಗಂಡನನ್ನೇ ನೋಡುತ್ತ ಕೇಳಿದಳು, "ಕಿವಿ ಸರಿ ಇದೆ ಅಂತ ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಿಕ್ಕಿದ್ದೂ ಹೇಳ್ಬೇಕಾಗ್ತಿತ್ತು."

"ಮೂರು ತಿಂಗಳು. ನಾನು ಗಿರಾಕಿಗಳ ತುಟಿ ನೋಡಿ ಮಾತು ಕಲೀತಿದ್ದೆ. ಒಂದಿನ ನಿಮ್ಮ ದನೀನೂ ಹೋಗುತ್ತಲ್ಲ ಅಂತ ಬಚ್ಚಲಲ್ಲಿ ಅಳ್ತಿದ್ದೆ. ನೀವು ನೀರಿನ ಲೋಟ ತಂದಿಡ್ತಿದ್ರಿ."

ಅವಳು ಚೌಕಾಸಿಯ ತಮ್ಮನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ನಂಗೊಬ್ಬನಿಗೇನಾ?" ತಮ್ಮ ಸಿಡುಕಿದ. "ಬಂದು ಹೋಗೋರಿಗೆಲ್ಲ ಗೊತ್ತಿತ್ತು. ಈ ಸ್ಟೆನೋ ಸಾರ್ ಕೂಡ ಕೇಳಿ ನಕ್ಕಿದ್ರಲ್ಲ."

ಸ್ಟೆನೋನ ಪೆನ್ಸಿಲು ನಿಂತಿತು. ಅವಳು ಅವನನ್ನು ಬೈಯಲಿಲ್ಲ, ಬರಿದೇ ನೋಡಿದಳು. ಅಳತೆ ತೆಗೆದುಕೊಳ್ಳುವವಳ ಹಾಗೆ, ಭುಜದಿಂದ ಭುಜಕ್ಕೆ. ಆಮೇಲೆ ಇನ್‌ಸ್ಪೆಕ್ಟರರನ್ನು ಕೇಳಿದಳು. "ಇನ್ನೊಂದು ಸಲ ಹಾಕ್ತೀರಾ? ಹಾಡು ಮಾತ್ರ."

"ಆಗಲ್ಲಮ್ಮ. ಈಗ ಅದು ಸಾಕ್ಷ್ಯ" ಎಂದು ಇನ್‌ಸ್ಪೆಕ್ಟರ್ ಟೇಪನ್ನು ಲಕೋಟೆಗೆ ಹಾಕಿ ಅಂಟಿಸಿದರು. ರಿಪೇರಿಯವನ ಕೈಯ ಬೇಡಿ ಬಿಚ್ಚಿ ಲಿಫ್ಟಿನವನ ಕೈಗೆ ತೊಡಿಸಿದರು.

ಮನೆಗೆ ನಡೆದು ಬರುವಾಗ ಸ್ಟೆನೋ ಕೇಳಿದ, "ಅವಳ ಎದುರಿಗೆ ಆ ಟೇಪು ಹಾಕಲೇಬೇಕಿತ್ತಾ ಅತ್ತಿಗೆ?"

"ಪೆಟ್ಟಿಗೆ, ವಾಷರು ಇಟ್ಕೊಂಡು ಕೋರ್ಟಿಗೆ ಹೋದ್ರೆ ನಿಲ್ತಿತ್ತಾ? ನೀನೇ ಹೇಳು, ಮೂವತ್ತು ವರ್ಷ ಬರ್ಕೊಂಡಿದೀಯ." ಅವರು ತಿರುಗಿ ನೋಡಲಿಲ್ಲ. "ಅವನ ಬಾಯಿ ತೆರೆಸೋಕೆ ಅದೊಂದೇ ಇತ್ತು. ಹಾಕಿದೆ. ಅದರ ಪಾಪ ನನಗಿರ್ಲಿ. ನಿಂದು ನೀನು ನೋಡ್ಕೋ."

ಲಿಫ್ಟಿನವನಿಗೆ ಜೀವಾವಧಿಯಾಯಿತು. ವಿಚಾರಣೆ ಮುಗಿದ ಮೇಲೆ ಟೇಪು ಕಾನೂನಿನ ಪ್ರಕಾರ ಅಂಗಡಿಯ ವಾರಸುದಾರನಾದ ತಮ್ಮನಿಗೆ ಸೇರಿತು; ಪೆಟ್ಟಿಗೆಯನ್ನು ಮಾರಿದ್ದೇನೆಂದು ದರ್ಜಿ ಸಹಿ ಹಾಕಿಕೊಟ್ಟಿದ್ದಳಲ್ಲ. ಅವನು ಅಣ್ಣನಿಗಿಂತ ಜಾಣ. ಹಾಡನ್ನು ರೆಕಾರ್ಡು ಮಾಡಿಸಿ, ಕವರಿನ ಮೇಲೆ "ಒಂದು ಕೊಲೆಗೆ ಕಾರಣವಾದ ದನಿ" ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ. ಮೊದಲ ತಿಂಗಳಲ್ಲೇ ಸರಕು ಖಾಲಿಯಾಗಿ ಎರಡನೆಯ ಸಲ ಒತ್ತಿಸಬೇಕಾಯಿತು. ಬೀದಿಯ ಅಂಗಡಿಗಳಲ್ಲಿ, ಕ್ಷೌರದವನ ಹತ್ತಿರ, ಬಸ್ಸುಗಳಲ್ಲಿ ಅದೇ ಹಾಡು.

ಸ್ಟೆನೋ ಅದನ್ನು ಕೊಳ್ಳಲಿಲ್ಲ. ಅರ್ಧ ಬೆಲೆಗೆ ಕೊಡುತ್ತೇನೆಂದು ತಮ್ಮ ಕರೆದಾಗಲೂ ಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ, ಅಂಗಿಯ ಬಟ್ಟೆ ಹಿಡಿದು ದರ್ಜಿಯ ಅಂಗಡಿಗೆ ಹೋದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅವಳು ಬಟ್ಟೆ ಇಸಿದುಕೊಂಡು ಅಳತೆಯ ಪಟ್ಟಿ ಹಿಡಿದು ಅವನ ಕತ್ತಿನ ಸುತ್ತಳತೆ ತೆಗೆಯಲು ನಿಂತಳು. ಅಷ್ಟರಲ್ಲಿ ಎದುರಿನ ಅಂಗಡಿಯಲ್ಲಿ ಯಾರೋ ರೆಕಾರ್ಡು ಹಚ್ಚಿದರು. ಪಿಯಾನೋ ಬಂತು.

ಅವಳು ಅಳತೆಯ ಪಟ್ಟಿಯನ್ನು ಅವನ ಕತ್ತಿನಲ್ಲೇ ಬಿಟ್ಟು, ಓಡಿಹೋಗಿ ಯಂತ್ರದ ಮುಂದೆ ಕೂತು, ಎರಡೂ ಕಾಲಿನಿಂದ, ಹಾಡು ಮುಳುಗುವಷ್ಟು ಜೋರಾಗಿ ತುಳಿಯತೊಡಗಿದಳು. ಹಾಡು ಮುಗಿಯುವವರೆಗೂ ತುಳಿದಳು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.